ಆನ್, ಆಫ್ ಮತ್ತು ಕಾಲುವೆಯ ಕೊನೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಮಾತಿನಲ್ಲಿ ಒಂದು ವಿರುದ್ಧಾರ್ಥಕ ಜೋಡಿ

ಸಾರಾಂಶ

ಇಂಗ್ಲಿಷಿನ ‘ಆನ್’ ಮತ್ತು ‘ಆಫ್’ ಪದಗಳನ್ನು ಪರಸ್ಪರ ವಿರುದ್ಧಾರ್ಥಕಗಳೆಂದು ಬೋಧಿಸುವುದು ರೂಢಿ. ಕನ್ನಡಕ್ಕೆ ಎರವಲಾಗಿ ಬಂದ ಮೇಲೆ ಈ ಎರಡು ಪದಗಳು ಜೋಡಿಯಾಗಿ ಉಳಿದಿಲ್ಲ ಎಂಬುದನ್ನು ಈ ಲೇಖನವು ರಾಯಚೂರು ಜಿಲ್ಲೆಯ ಮೂರು ತಾಲ್ಲೂಕುಗಳ ದಿನಬಳಕೆಯ ಮಾತನ್ನು ಆಧರಿಸಿ ವಾದಿಸುತ್ತದೆ. ನಿಯಂತ್ರಣವು ಮಾತನಾಡುವವರ ಕೈಯಲ್ಲಿದ್ದಾಗ ಬಳಕೆಯಾಗುವ ‘ಆನ್/ಆಫ್’, ಕಾಲುವೆ ನೀರಿನ ಪ್ರಕಟಣೆಗಳಲ್ಲಿ ಬಂದಾಗ ನೀರು ಬಿಡುವುದಕ್ಕೂ ನೀರು ಮುಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಮಾಡುತ್ತದೆ. ‘ಚಾಲು/ಬಂದ್’, ‘ವಾರಾಬಂದಿ’ ಪದಗಳನ್ನೂ ಇದೇ ನೆಲೆಯಲ್ಲಿ ಪರಿಶೀಲಿಸಲಾಗಿದೆ.

ಕೀಲಿಪದಗಳು: ವಿರುದ್ಧಾರ್ಥ, ಎರವಲು, ಆನ್/ಆಫ್, ಚಾಲು/ಬಂದ್, ನೀರಾವರಿ ಕನ್ನಡ, ರಾಯಚೂರು

1. ಪೀಠಿಕೆ

ವಿರುದ್ಧಾರ್ಥಕ ಪದಗಳ ಪಟ್ಟಿ ನಮ್ಮ ಶಾಲಾ ವ್ಯಾಕರಣದ ಸ್ಥಿರ ಅಂಗಗಳಲ್ಲೊಂದು. ಎಡಗಡೆ ಒಂದು ಪದ, ಬಲಗಡೆ ಅದರ ಎದುರು ಪದ. ನಡುವೆ ಒಂದು ಅಡ್ಡಗೆರೆ. ಈ ವಿನ್ಯಾಸದಲ್ಲಿ ಎರಡು ಗ್ರಹಿಕೆಗಳು ಅಡಗಿವೆ. ಒಂದು ಪದಕ್ಕೆ ಒಂದೇ ವಿರುದ್ಧ ಪದ ಇರುತ್ತದೆ ಎಂಬುದು ಮೊದಲನೆಯದು. ಆ ಜೋಡಿ ಎಲ್ಲ ಸಂದರ್ಭಗಳಲ್ಲೂ ಜೋಡಿಯಾಗಿಯೇ ಇರುತ್ತದೆ ಎಂಬುದು ಎರಡನೆಯದು. ಇಂಗ್ಲಿಷ್ ಕಲಿಕೆಯಲ್ಲಿಯೂ ಇದೇ ಪಟ್ಟಿಯ ಕ್ರಮ ಮುಂದುವರಿಯುವುದರಿಂದ ‘ಆನ್’ ಎದುರಿಗೆ ‘ಆಫ್’ ಕುಳಿತುಕೊಳ್ಳುತ್ತದೆ. ಅಲ್ಲಿಗೆ ವಿಷಯ ಮುಗಿಯುತ್ತದೆ.

ಪಟ್ಟಿಯ ಹೊರಗೆ ವಿಷಯ ಹಾಗೆ ಮುಗಿಯುವುದಿಲ್ಲ. ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳಲ್ಲಿ ಈ ಎರಡು ಪದಗಳು ಮನೆಯ ಗುಂಡಿಯಿಂದ ಕಾಲುವೆಯ ಗೇಟಿನವರೆಗೆ ಬಳಕೆಯಲ್ಲಿವೆ. ‘ಆನ್ ಆ್ಯಂಡ್ ಆಫ್ ಪದ್ಧತಿ’ಯಲ್ಲಿ ನೀರು ಹರಿಸುವ ನಿರ್ಧಾರಗಳು ಪತ್ರಿಕೆಗಳಲ್ಲಿ ಅದೇ ಹೆಸರಿನಿಂದ ವರದಿಯಾಗುತ್ತವೆ. ಹೀಗಾಗಿ ಈ ಜೋಡಿಯ ಅರ್ಥವನ್ನು ಕುರಿತ ಪ್ರಶ್ನೆ ಇಲ್ಲಿ ಶಬ್ದಕೋಶದ ಪ್ರಶ್ನೆಯಷ್ಟೇ ಅಲ್ಲ. ಭತ್ತದ ಸಸಿಮಡಿಗೆ ಯಾವಾಗ ಬೀಜ ಚೆಲ್ಲಬೇಕು ಎಂಬ ನಿರ್ಧಾರಕ್ಕೂ ಸಂಬಂಧಿಸಿದ್ದು. ಇಲ್ಲಿನ ಉದಾಹರಣೆಗಳು ಮೂರು ತಾಲ್ಲೂಕುಗಳ ದಿನಬಳಕೆಯ ಮಾತಿನವು. ಇದು ಬಳಕೆಯ ಪ್ರಮಾಣವನ್ನು ಎಣಿಸುವ ಅಧ್ಯಯನವಲ್ಲ, ಅರ್ಥದ ವಿಶ್ಲೇಷಣೆ.

2. ಇಂಗ್ಲಿಷಿನಲ್ಲಿಯೇ ಸಡಿಲವಾಗಿರುವ ಜೋಡಿ

ಜಾನ್ ಲಯನ್ಸ್ ತಮ್ಮ ‘ಸೆಮ್ಯಾಂಟಿಕ್ಸ್’ (1977) ಗ್ರಂಥದಲ್ಲಿ ವಿರುದ್ಧಾರ್ಥವನ್ನು ಒಂದೇ ಸಂಬಂಧವೆಂದು ಕಾಣದೆ ಹಲವು ಬಗೆಗಳಾಗಿ ವಿಂಗಡಿಸಿದರು. ‘ಬಿಸಿ/ತಣ್ಣಗೆ’ಯಂತಹ ಜೋಡಿಗಳಲ್ಲಿ ನಡುವೆ ಮೆಟ್ಟಿಲುಗಳಿವೆ. ‘ಬದುಕಿರುವ/ಸತ್ತ’ ಎಂಬಂತಹ ಜೋಡಿಗಳಲ್ಲಿ ಒಂದು ಇಲ್ಲವೆಂದರೆ ಇನ್ನೊಂದು ಇದ್ದೇ ತೀರಬೇಕು. ‘ಕೊಡು/ಕೊಳ್ಳು’ ಒಂದೇ ಘಟನೆಯ ಎರಡು ಮುಖಗಳು. ‘ಬಾ/ಹೋಗು’ ದಿಕ್ಕಿನ ವಿರೋಧ. ಡಿ. ಎ. ಕ್ರೂಸ್ ‘ಲೆಕ್ಸಿಕಲ್ ಸೆಮ್ಯಾಂಟಿಕ್ಸ್’ (1986) ಕೃತಿಯಲ್ಲಿ ‘ಕಟ್ಟು/ಬಿಚ್ಚು’ ರೀತಿಯ, ಒಂದು ಕ್ರಿಯೆಯನ್ನು ಇನ್ನೊಂದು ಹಿಂದಿರುಗಿಸುವ ಜೋಡಿಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ.

ಇಂಗ್ಲಿಷಿನ ‘ಆನ್/ಆಫ್’ ಇವುಗಳಲ್ಲಿ ಯಾವುದೋ ಒಂದು ಬಗೆಗೆ ಸೇರಿ ನಿಲ್ಲುವುದಿಲ್ಲ. ದೀಪದ ಸ್ಥಿತಿಯನ್ನು ಹೇಳುವಾಗ ಅದು ನಡುವೆ ಮೆಟ್ಟಿಲುಗಳಿಲ್ಲದ ವಿರೋಧ. ದೀಪ ಹಾಕುವ, ಆರಿಸುವ ಕ್ರಿಯೆಗಳನ್ನು ಹೇಳುವಾಗ ಒಂದನ್ನೊಂದು ಹಿಂದಿರುಗಿಸುವ ಜೋಡಿ. ವಸ್ತುವೊಂದು ಮೇಜಿನ ಮೇಲಿದೆ, ಮೇಜಿನಿಂದ ಕೆಳಗೆ ಬಿತ್ತು ಎನ್ನುವಾಗ ಸ್ಥಳ ಮತ್ತು ದಿಕ್ಕಿನ ವಿರೋಧ. ಕೆಲವೆಡೆ ವಿರೋಧವೇ ತಲೆಕೆಳಗಾಗುತ್ತದೆ. ವಿದ್ಯುತ್ತು ‘ಆಫ್’ ಆದರೆ ನಿಂತಿತು ಎಂದರ್ಥ. ಎಚ್ಚರಿಕೆಯ ಗಂಟೆ ‘ಆಫ್’ ಹೋದರೆ, ಇಂಗ್ಲಿಷ್ ಪ್ರಯೋಗದಲ್ಲಿ, ಬಾರಿಸತೊಡಗಿತು ಎಂದರ್ಥ. ಹಾಲು ‘ಆಫ್’ ಆದರೆ ಕೆಟ್ಟಿತು ಎಂದರ್ಥ. ಕೆಡದ ಹಾಲನ್ನು ‘ಆನ್’ ಎನ್ನುವುದಿಲ್ಲ. ಚರಿತ್ರೆಯ ದೃಷ್ಟಿಯಿಂದ ‘ಆಫ್’ ಪದದ ನಿಜವಾದ ಒಡಹುಟ್ಟು ‘ಆನ್’ ಅಲ್ಲ, ಷಷ್ಠಿಯ ಕೆಲಸ ಮಾಡುವ ‘ಆಫ್’: ಇಂಗ್ಲಿಷ್ ಬರಹದಲ್ಲಿ ಒಂದು ಎಫ್ ಇರುವ ಪದ ಮತ್ತು ಎರಡು ಎಫ್ ಇರುವ ಪದ ಒಂದೇ ಹಳೆಯ ಶಬ್ದದ ಎರಡು ಕವಲುಗಳು.

ಆದ್ದರಿಂದ ಕನ್ನಡಿಗರು ಎರವಲು ಪಡೆದದ್ದು ಬಿಗಿಯಾದ ಜೋಡಿಯನ್ನಲ್ಲ. ಅದರ ಒಂದೆರಡು ಎಳೆಗಳನ್ನು ಮಾತ್ರ.

3. ಎರವಲಿನಲ್ಲಿ ಉಳಿದುದು, ಉದುರಿದುದು

ಮೊದಲು ಉದುರಿಹೋದದ್ದು ಸ್ಥಳದ ಅರ್ಥ. ಕನ್ನಡದಲ್ಲಿ ‘ಮೇಲೆ’ ಇರುವುದರಿಂದ ಆ ಕೆಲಸಕ್ಕೆ ‘ಆನ್’ ಬೇಕಾಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಂಚಿಕೆ ಕುರಿತು ಪೀಟರ್ ಮೊಲಿಂಗಾ 2003ರಲ್ಲಿ ಪ್ರಕಟಿಸಿದ ಮಹತ್ವದ ಅಧ್ಯಯನದ ಹೆಸರು ‘ಆನ್ ದ ವಾಟರ್‌ಫ್ರಂಟ್’. ಅಲ್ಲಿರುವ ‘ಆನ್’ ಕನ್ನಡಕ್ಕೆ ಬರಲೇ ಇಲ್ಲ. ಬಂದದ್ದು ಗುಂಡಿಯ ‘ಆನ್’.

ವ್ಯಾಕರಣ ವರ್ಗವೂ ಬದಲಾಯಿತು. ಇಂಗ್ಲಿಷಿನಲ್ಲಿ ನಾಮಪದದ ಹಿಂದೆ, ಕ್ರಿಯಾಪದದ ಜೊತೆಗೆ ಬರುವ ಈ ಪದಗಳು ಕನ್ನಡದಲ್ಲಿ ‘ಮಾಡು’, ‘ಆಗು’, ‘ಇರು’ ಕ್ರಿಯಾಪದಗಳನ್ನು ಆಶ್ರಯಿಸಿ ನಿಲ್ಲುತ್ತವೆ: ಆನ್ ಮಾಡು, ಆನ್ ಆಗು, ಆನ್ ಇರು. ಕನ್ನಡದ ಪದವರ್ಗಗಳನ್ನು ಸಂಸ್ಕೃತದ ಅಚ್ಚಿನಲ್ಲಿ ನೋಡಬಾರದೆಂಬುದು ಡಿ. ಎನ್. ಶಂಕರ ಭಟ್ ಅವರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಕೃತಿಯಲ್ಲಿ ಮಂಡಿಸಿದ ನಿಲುವು. ಎರವಲು ಪದಗಳ ವಿಷಯದಲ್ಲಿ ಆ ಎಚ್ಚರವನ್ನು ಇಂಗ್ಲಿಷಿನ ಅಚ್ಚಿಗೂ ವಿಸ್ತರಿಸಬೇಕಾಗಿದೆ.

ಅರ್ಥದ ಬದಲಾವಣೆ ಇನ್ನೂ ಗಮನಾರ್ಹ. ಕೆಳಗಿನ ಪ್ರಯೋಗಗಳು ಕನ್ನಡದಲ್ಲಿ ಸರ್ವಸಾಮಾನ್ಯ.

(ಅ) ಫೋನು ಸ್ವಿಚ್ ಆಫ್ ಬರ್ತೈತಿ.
(ಆ) ಅವನ ಮೂಡ್ ಆಫ್ ಆಗೈತಿ.
(ಇ) ಕಂಡಕ್ಟರಿಗೆ ಇವತ್ತು ವೀಕ್ಲಿ ಆಫ್.
(ಈ) ಈಗ ಆಫ್ ಸೀಸನ್.

ಇವುಗಳಲ್ಲಿ ‘ಆಫ್’ ತೆಗೆದು ‘ಆನ್’ ಇಟ್ಟರೆ ವಾಕ್ಯ ನಿಲ್ಲುವುದಿಲ್ಲ. ‘ಸ್ವಿಚ್ ಆನ್ ಬರ್ತೈತಿ’ ಎಂದು ಯಾರೂ ಹೇಳುವುದಿಲ್ಲ. ಅದರ ಎದುರು ಮಾತು ‘ರಿಂಗ್ ಆಗ್ತೈತಿ’. ‘ಮೂಡ್ ಆಫ್’ ಎದುರಿಗೆ ‘ಖುಷಿ’, ‘ವೀಕ್ಲಿ ಆಫ್’ ಎದುರಿಗೆ ‘ಡ್ಯೂಟಿ’, ‘ಆಫ್ ಸೀಸನ್’ ಎದುರಿಗೆ ಬರಿಯ ‘ಸೀಸನ್’ ನಿಲ್ಲುತ್ತವೆ. ಕ್ರಿಕೆಟ್ಟಿನಲ್ಲಿ ಆಫ್ ಸೈಡಿನ ಎದುರು ಆನ್ ಸೈಡ್ ಉಂಟು. ಆದರೆ ಆಫ್ ಸ್ಪಿನ್ನಿನ ಎದುರು ಲೆಗ್ ಸ್ಪಿನ್ ಮಾತ್ರ. ನಾಲ್ಕಾರು ಸಂದರ್ಭಗಳಲ್ಲಿ ನಾಲ್ಕಾರು ಎದುರು ಪದಗಳು ದೊರೆತರೂ ‘ಆನ್’ ಅಪರೂಪವಾಗಿಯೇ ಸಿಗುತ್ತದೆ. ಕನ್ನಡದ ‘ಆಫ್’ ತನ್ನ ಜೋಡಿಯನ್ನು ಬಿಟ್ಟು ‘ಇರಬೇಕಾದದ್ದು ಸದ್ಯಕ್ಕೆ ಇಲ್ಲ’ ಎಂಬ ಸಾಮಾನ್ಯ ಅರ್ಥದ ಕಡೆಗೆ ಸಾಗಿದೆ. ‘ಆನ್’ ಮಾತ್ರ ಯಂತ್ರದ ಗುಂಡಿಗೆ ಅಂಟಿಕೊಂಡೇ ಉಳಿದಿದೆ.

4. ಗುಂಡಿ ಯಾರ ಕೈಯಲ್ಲಿದೆ

ಗುಂಡಿಗೆ ಅಂಟಿಕೊಂಡ ಅರ್ಥದಲ್ಲಿಯೂ ಒಂದು ನಿಯಮವಿದೆ. ಪಂಪ್‌ಸೆಟ್ ಇರುವ ಯಾವುದೇ ಹೊಲದಲ್ಲಿ ಕೇಳಬಹುದಾದ ಈ ವಾಕ್ಯವನ್ನು ಗಮನಿಸಬೇಕು.

(ಉ) ಕರೆಂಟ್ ಬಂದ್ರ ಮೋಟಾರ್ ಆನ್ ಮಾಡು.

ವಿದ್ಯುತ್ತೂ ಮೋಟಾರೂ ಒಂದೇ ತಂತಿಯ ಎರಡು ತುದಿಗಳು. ಆದರೂ ಮೋಟಾರು ‘ಆನ್’ ಆಗುತ್ತದೆ, ಕರೆಂಟು ‘ಬರುತ್ತದೆ’. ಕರೆಂಟು ನಿಂತಾಗ ‘ಹೋಯ್ತು’ ಅಥವಾ ‘ತೆಗ್ದಾರ’ ಎನ್ನುತ್ತಾರೆ. ‘ಕರೆಂಟ್ ಆಫ್ ಆಯ್ತು’ ಎನ್ನುವುದು ಈ ಭಾಗದ ಸಹಜ ಮಾತಲ್ಲ. ನಳದ ನೀರು, ಮೊಬೈಲಿನ ನೆಟ್‌ವರ್ಕು ಇವೂ ಬರುತ್ತವೆ, ಹೋಗುತ್ತವೆ. ಫ್ಯಾನು, ಟಿವಿ, ಟಾರ್ಚು ಆನ್ ಆಗುತ್ತವೆ, ಆಫ್ ಆಗುತ್ತವೆ. ನಿಯಮವನ್ನು ಹೀಗೆ ಹೇಳಬಹುದು: ನಿಯಂತ್ರಣದ ಗುಂಡಿ ಮಾತನಾಡುವವರ ಕೈಗೆ ಎಟಕುವಂತಿದ್ದರೆ ‘ಆನ್/ಆಫ್’; ಅದು ದೂರದ ಬೇರೆಯವರ ಕೈಯಲ್ಲಿದ್ದರೆ ‘ಬರು/ಹೋಗು’, ‘ಬಿಡು/ತೆಗೆ’.

ಆಟೋ ಸ್ಟಾರ್ಟರ್ ಅಳವಡಿಸಿದ ಮೋಟಾರು ಈ ನಿಯಮಕ್ಕೆ ಅಪವಾದದಂತೆ ತೋರಬಹುದು. ತ್ರೀ ಫೇಸ್ ಕರೆಂಟು ಬಂದೊಡನೆ ರೈತ ಮನೆಯಲ್ಲಿದ್ದರೂ ಮೋಟಾರು ‘ತಾನಾ ಆನ್ ಆಗ್ತೈತಿ’. ಆದರೆ ಸ್ಟಾರ್ಟರನ್ನು ಆ ರೀತಿ ಸಿದ್ಧಮಾಡಿ ಇಟ್ಟವನು ರೈತನೇ. ಅವನ ಕೈ ಅಲ್ಲಿ ಇಲ್ಲದಿದ್ದರೂ ನಿಯಂತ್ರಣ ಅವನದೇ.

ನಿಯಂತ್ರಣವೇ ಇಲ್ಲವಾದಾಗ ಏನಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ತಿಳಿದಿರುವ ಒಂದು ಘಟನೆ ನೆರವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಭೌತಿಕವಾಗಿ ನೋಡಿದರೆ ಅದು ಪೂರ್ಣವಾಗಿ ತೆರೆದ ದ್ವಾರ, ಭೋರ್ಗರೆದು ಹರಿಯುವ ನೀರು. ಆದರೂ ಆ ಸ್ಥಿತಿಯನ್ನು ‘ಗೇಟ್ ಆನ್ ಆಯಿತು’ ಎಂದು ವರ್ಣಿಸಿದರೆ ಕನ್ನಡದ ಕಿವಿಗೆ ಅಸಂಬದ್ಧವಾಗಿ ಕೇಳಿಸುತ್ತದೆ. ‘ನೀರು ಹೋಯಿತು’ ಎಂಬುದೇ ಅಲ್ಲಿ ಒಪ್ಪುವ ಮಾತು. ಅಂದಮೇಲೆ ‘ಆನ್’ ಸೂಚಿಸುವುದು ಹರಿವನ್ನಲ್ಲ, ಹರಿವಿನ ಮೇಲಿನ ಅಧಿಕಾರವನ್ನು.

ಈ ನಿಯಮದ ಬೆಳಕಿನಲ್ಲಿ ‘ಕಾಲುವೆ ಆನ್ ಇದೆ’ ಎಂಬ ವಾಕ್ಯವನ್ನು ಓದಿದರೆ ಅದು ಯಾರ ವಾಕ್ಯವೆಂಬುದು ಸ್ಪಷ್ಟವಾಗುತ್ತದೆ. ಅದು ಗೇಟಿನ ಬಳಿ ನಿಂತವರ ಮಾತು. ಕಾಲುವೆಯ ಕೊನೆಯಲ್ಲಿರುವವರಿಗೆ ಕಾಲುವೆ ನೀರು ಕರೆಂಟಿನಂತೆ ‘ಬರುವ’ ವಸ್ತು. ಈ ಭಾಗದ ರೈತರೂ ‘ಕೆನಾಲ್ ಆನ್’ ಎಂದು ಹೇಳುತ್ತಾರೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಹೇಳುವುದು ನಿಜ. ಆದರೆ ಕೇಳಿಬರುವ ರೂಪ ಬಹುಮಟ್ಟಿಗೆ ‘ಕೆನಾಲ್ ಆನ್ ಐತಂತ’ ಎಂಬುದು. ಕೊನೆಯ ‘ಅಂತ’ ಇತರರಿಂದ ಕೇಳಿದ್ದನ್ನು ಸೂಚಿಸುವ ಪ್ರತ್ಯಯದಂತೆ ಕೆಲಸ ಮಾಡುತ್ತದೆ. ತನ್ನ ಹೊಲಗಾಲುವೆಯಲ್ಲಿ ನೀರನ್ನು ಕಂಡವನು ‘ನೀರು ಬಂತು’ ಎಂದು ‘ಅಂತ’ ಇಲ್ಲದೆ ಹೇಳುತ್ತಾನೆ. ಒಂದು ವರದಿ, ಇನ್ನೊಂದು ಸಾಕ್ಷ್ಯ. ಮಾತಿನ ವ್ಯಾಕರಣವೇ ಈ ಎರಡನ್ನು ಬೇರೆಯಾಗಿ ಇಟ್ಟಿದೆ.

5. ಬಿಡು, ಬರು, ಮುಟ್ಟು

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಅಣೆಕಟ್ಟೆಯಿಂದ ಹೊರಟು ಗಂಗಾವತಿ, ಕಾರಟಗಿ ಭಾಗಗಳನ್ನು ದಾಟಿ ಸಿಂಧನೂರಿಗೆ ಬರುತ್ತದೆ. ಅಲ್ಲಿಂದ ಮಸ್ಕಿ, ಮಾನ್ವಿ, ಸಿರವಾರ ತಾಲ್ಲೂಕುಗಳ ಜಮೀನಿಗೆ ನೀರುಣಿಸುತ್ತ ರಾಯಚೂರಿನತ್ತ ಸಾಗುತ್ತದೆ. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಈ ದಾರಿಯಲ್ಲಿ, ಮೇಲ್ಭಾಗದಲ್ಲಿ ಬಿಟ್ಟ ನೀರು ಅದೇ ಗಳಿಗೆಯಲ್ಲಿ ಕೊನೆಯನ್ನು ಮುಟ್ಟುವುದು ಸಾಧ್ಯವಿಲ್ಲ, ಬಿಟ್ಟಷ್ಟೂ ಮುಟ್ಟುವುದಿಲ್ಲ. ಹಗುರ ಬೆಳೆಗಳಿಗೆ ವಿಸ್ತಾರವಾಗಿ ನೀರು ಹಂಚಬೇಕೆಂದು ಯೋಜಿಸಿದ ಪ್ರದೇಶದ ಮೇಲ್ಭಾಗದಲ್ಲಿ ಭತ್ತ ಹಬ್ಬಿದುದು ಕೊನೆ ಭಾಗದ ಕೊರತೆಗೆ ಹೇಗೆ ಕಾರಣವಾಯಿತೆಂಬುದನ್ನು ಮೇಲೆ ಹೆಸರಿಸಿದ ಮೊಲಿಂಗಾ ಅವರ ಅಧ್ಯಯನ ವಿವರಿಸುತ್ತದೆ.

ಈ ದೂರವನ್ನೂ ಈ ಕೊರತೆಯನ್ನೂ ಹೇಳಲು ಈ ಭಾಗದ ಕನ್ನಡದಲ್ಲಿ ಮೂರು ಕ್ರಿಯಾಪದಗಳಿವೆ.

(ಊ) ಕೆನಾಲಿಗೆ ನೀರು ಬಿಟ್ಟಾರ.
(ಋ) ನಮ್ಮ ತೂಬಿಗೆ ನೀರು ಬಂತು.
(ಎ) ಕೊನಿ ಹೊಲಕ್ಕ ಇನ್ನ ಮುಟ್ಟಿಲ್ಲ.

‘ಬಿಡು’ ಎಂಬುದು ಸಕರ್ಮಕ. ಬಿಟ್ಟವರು ಯಾರೆಂಬುದನ್ನು ಕ್ರಿಯಾಪದದ ಬಹುವಚನವೇ ಸೂಚಿಸುತ್ತದೆ. ‘ಬರು’ ಮಾತನಾಡುವವರ ಸ್ಥಳವನ್ನು ಕೇಂದ್ರವಾಗಿಸುತ್ತದೆ. ‘ಮುಟ್ಟು’ ಗುರಿಯನ್ನು ಹೇಳುತ್ತದೆ. ಮೂರೂ ಸೇರಿದಾಗ ಕರ್ತೃ, ದಾರಿ, ತುದಿ ಎಲ್ಲವೂ ಮಾತಿನೊಳಗೆ ಬರುತ್ತವೆ. ‘ಕಾಲುವೆ ಆನ್’ ಎಂದಾಗ ಈ ಮೂರೂ ಒಂದರೊಳಗೆ ಕರಗುತ್ತವೆ. ಗೇಟು ತೆರೆದದ್ದು ನಿಜವಾದ್ದರಿಂದ ವಾಕ್ಯ ಸುಳ್ಳಲ್ಲ. ಆದರೆ ಕೊನೆಯ ಹೊಲದ ಮಟ್ಟಿಗೆ ನಿಜವೂ ಅಲ್ಲ.

‘ಬಿಡು’ ಕುರಿತು ಇನ್ನೊಂದು ಮಾತು ಹೇಳಬೇಕು. ತಮಿಳಿನ ‘ವಿಡು’, ತೆಲುಗಿನ ‘ವಿಡುಚು’ಗಳಿಗೆ ಸಂಬಂಧಿಯಾದ ಈ ಪದ ಆನ್/ಆಫ್ ಗಡಿಯ ಎರಡೂ ಬದಿಯಲ್ಲಿ ಸಂಚರಿಸುತ್ತದೆ. ‘ನೀರು ಬಿಟ್ಟರು’ ಎಂದರೆ ಹರಿವು ಆರಂಭವಾಯಿತು. ‘ಮಳೆ ಬಿಟ್ಟಿತು’ ಎಂದರೆ ಸುರಿಯುವುದು ನಿಂತಿತು. ‘ಬಸ್ಸು ಬಿಟ್ಟಿತು’ ಎಂದರೆ ಹೊರಟಿತು. ‘ಶಾಲೆ ಬಿಟ್ಟಿತು’ ಎಂದರೆ ಮುಗಿಯಿತು. ವಿರುದ್ಧಾರ್ಥಕ ಪಟ್ಟಿಗೆ ಈ ಪದವನ್ನು ಸೇರಿಸಲು ಹೊರಟರೆ ಅದು ಗೆರೆಯ ಎಡಕ್ಕೂ ಬಲಕ್ಕೂ ಸಲ್ಲುತ್ತದೆ. ಆದರೂ ಕನ್ನಡಿಗರಿಗೆ ಗೊಂದಲವಾಗುವುದಿಲ್ಲ. ಹಿಡಿತ ಸಡಿಲಿತು ಎಂಬುದು ಎಲ್ಲೆಡೆಯೂ ಸಮಾನವಾದ ಅರ್ಥ. ಯಾರ ಹಿಡಿತ, ಯಾವುದರ ಮೇಲಿನ ಹಿಡಿತ ಎಂಬುದನ್ನು ಕರ್ತೃ, ಕರ್ಮಗಳು ತಿಳಿಸುತ್ತವೆ. ಈ ಪದ ತನ್ನ ಅರ್ಥಕ್ಕಾಗಿ ಕರ್ತೃವನ್ನು ಕೇಳುತ್ತದೆ. ‘ಆನ್’ ಕೇಳುವುದಿಲ್ಲ.

ನಡುವಿನ ಮೆಟ್ಟಿಲುಗಳಿಗೂ ಇಲ್ಲಿ ಒಂದು ಪದವಿದೆ: ‘ಗೇಜ್’. ಮುಖ್ಯ ಕಾಲುವೆಯಲ್ಲಿ ಮೈಲುಗಳ ಸಂಖ್ಯೆಯಿಂದ ಗುರುತಿಸುವ ಸ್ಥಳಗಳಲ್ಲಿ ನೀರಿನ ಮಟ್ಟ ಕಾಯ್ದುಕೊಳ್ಳಬೇಕೆಂಬುದು ಕೊನೆ ಭಾಗದ ರೈತರ ಎಂದಿನ ಒತ್ತಾಯ. ಇದೂ ಇಂಗ್ಲಿಷ್ ಎರವಲೇ. ‘ಗೇಜ್ ಕಡಿಮಿ ಆಗೈತಿ’ ಎಂಬ ದೂರು, ಕಾಲುವೆಯನ್ನು ಆನ್/ಆಫ್ ಎಂಬ ಮೆಟ್ಟಿಲುಗಳಿಲ್ಲದ ಜೋಡಿಯಿಂದ ಹೊರತೆಗೆದು ಅಳತೆಯ ಮೆಟ್ಟಿಲುಗಳ ಮೇಲೆ ಇಡುತ್ತದೆ. ಜನರಿಗೆ ಬೇಕಾಗಿರುವುದು ಎರವಲಿಲ್ಲದ ಮಾತಲ್ಲ, ಸರಿಯಾಗಿ ಅಳೆಯುವ ಮಾತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

6. ಚಾಲು, ಬಂದ್ ಮತ್ತು ವಾರಾಬಂದಿ

ಲಿಂಗಸುಗೂರಿನ ಕಡೆಗೆ ಬಂದರೆ ನದಿಯೂ ಬದಲಾಗುತ್ತದೆ, ಪದಗಳೂ ಬದಲಾಗುತ್ತವೆ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಕೃಷ್ಣಾ ನೀರಿನ ಕಾಲುವೆಗಳ ವಿಷಯದಲ್ಲಿ ‘ಚಾಲು–ಬಂದ್ ಪದ್ಧತಿ’, ‘ವಾರಾಬಂದಿ’ ಎಂಬ ಹೆಸರುಗಳು ಪ್ರಚಲಿತ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಉರ್ದು ಆಡಳಿತ ಭಾಷೆಯಾಗಿದ್ದ ಪ್ರದೇಶದಲ್ಲಿ ಈ ಪದಗಳು ಪರಕೀಯವೆನಿಸುವುದಿಲ್ಲ. ‘ಗಾಡಿ ಚಾಲು ಮಾಡು’, ‘ಅಂಗಡಿ ಬಂದ್ ಐತಿ’ ಎಂಬುವು ಇಲ್ಲಿ ಮನೆಮಾತು.

‘ಆನ್/ಆಫ್’ಗೆ ‘ಚಾಲು/ಬಂದ್’ ಸಮಾನ ಪದವೆಂದು ಭಾವಿಸುವುದು ಸುಲಭ. ಆದರೆ ಈ ಜೋಡಿಯ ಒಳರಚನೆ ಬೇರೆ. ‘ಚಾಲು’ ಚಲನೆಯನ್ನು ಹೇಳುತ್ತದೆ. ಅದರ ನೇರ ಎದುರು ‘ನಿಂತ’. ‘ಬಂದ್’ ಮುಚ್ಚಿರುವುದನ್ನು ಹೇಳುತ್ತದೆ. ಅದರ ನೇರ ಎದುರು ‘ತೆರೆದ’. ಒಂದು ನೀರಿನ ವರ್ಣನೆ, ಇನ್ನೊಂದು ಗೇಟಿನ ವರ್ಣನೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನಿರಾಕರಿಸಲು ಬರುತ್ತದೆ.

(ಏ) ಕೆನಾಲ್ ಬಂದ್ ಇಲ್ಲ, ಆದ್ರ ನಮ್ಮ ಕಡಿ ಚಾಲೂ ಇಲ್ಲ.

ಗೇಟು ತೆರೆದಿದೆ, ನೀರು ಹರಿದಿಲ್ಲ ಎಂಬ ಕೊನೆ ಭಾಗದ ವಾಸ್ತವವನ್ನು ಈ ವಾಕ್ಯ ವಿರೋಧಾಭಾಸವಿಲ್ಲದೆ ಹೇಳುತ್ತದೆ. ‘ಆಫೂ ಇಲ್ಲ, ಆನೂ ಇಲ್ಲ’ ಎಂದರೆ ಒಗಟಿನಂತೆ ಕೇಳುತ್ತದೆ. ಸಮರೂಪವಲ್ಲದ ಈ ಜೋಡಿ, ಸಮರೂಪವಾದ ಜೋಡಿಗಿಂತ ಇಲ್ಲಿ ಹೆಚ್ಚು ಉಪಯುಕ್ತ.

‘ವಾರಾಬಂದಿ’ಯ ಕಥೆ ಇದಕ್ಕೆ ವಿರುದ್ಧ. ಉತ್ತರ ಭಾರತದ ನೀರಾವರಿಯಿಂದ ಬಂದ ಈ ಪದದಲ್ಲಿ ಮೊದಲ ಭಾಗಕ್ಕೆ ‘ಸರದಿ’ ಎಂದೂ ‘ಬಂದಿ’ಗೆ ‘ನಿಗದಿಪಡಿಸುವುದು’ ಎಂದೂ ಅರ್ಥ. ಪ್ರತಿ ಹೊಲಕ್ಕೂ ತನ್ನ ಸರದಿಯ ನೀರು ನಿಶ್ಚಿತ ಎಂಬುದು ಇದರ ತಿರುಳು. ಕನ್ನಡದ ಕಿವಿಗಾದರೋ ‘ವಾರ’ ಎಂದರೆ ಏಳು ದಿನ, ‘ಬಂದ್’ ಎಂದರೆ ಮುಚ್ಚುವುದು. ಸರದಿಯ ಖಾತರಿಯನ್ನು ಹೇಳುವ ಪದ ವಾರಗಟ್ಟಲೆ ನೀರು ನಿಲ್ಲಿಸುವ ಕ್ರಮದ ಹೆಸರಾಗಿ ಕೇಳಿಸುವುದು ಸಹಜ. ಒಂದು ವ್ಯವಸ್ಥೆ ಕೊಡುವುದನ್ನು ಹೇಳಲು ಹುಟ್ಟಿದ ಪದ, ಅದು ತಡೆಯುವುದನ್ನು ಹೇಳುವ ಪದದಂತೆ ಓದಿಸಿಕೊಳ್ಳುತ್ತದೆ. ಇಂತಹ ಪದವನ್ನು ಪ್ರಕಟಣೆಯಲ್ಲಿ ವಿವರಣೆಯಿಲ್ಲದೆ ಬಳಸುವುದು ಜನರಿಗೆ ಅವರ ಹಕ್ಕನ್ನು ತಿಳಿಸುವ ಕ್ರಮವಾಗಲಾರದು.

7. ಎರಡು ಆಕ್ಷೇಪಗಳು

ತಾಂತ್ರಿಕ ವ್ಯವಹಾರಕ್ಕೆ ಚುಟುಕಾದ, ಎಲ್ಲರಿಗೂ ಸಮಾನವಾದ ಪದ ಬೇಕು ಎಂಬುದು ಮೊದಲ ಆಕ್ಷೇಪ. ಸಿಂಧನೂರಿನಂತಹ ತಾಲ್ಲೂಕಿನಲ್ಲಿ ಇದಕ್ಕೆ ತೂಕವಿದೆ. ಕನ್ನಡ, ಉರ್ದು, ಲಂಬಾಣಿಗಳ ಜೊತೆಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ತೆಲುಗು, ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಇಲ್ಲಿ ಜೀವಂತ ಭಾಷೆಗಳು. ‘ಆನ್/ಆಫ್’ ಎಲ್ಲರ ನಾಲಗೆಗೂ ಒಗ್ಗಿದ ನಾಣ್ಯ. ಅದನ್ನು ಕೈಬಿಡಬೇಕೆಂದು ಈ ಲೇಖನ ವಾದಿಸುವುದಿಲ್ಲ. ಆದರೆ ಎಲ್ಲರೂ ಬಲ್ಲ ಪದವೆಂಬುದಕ್ಕೂ ಎಲ್ಲರೂ ಒಂದೇ ಅರ್ಥದಲ್ಲಿ ಬಲ್ಲ ಪದವೆಂಬುದಕ್ಕೂ ವ್ಯತ್ಯಾಸವಿದೆ. ಅದು ಯಾವ ಸ್ಥಳದ ಸ್ಥಿತಿ ಎಂಬುದನ್ನು ಪದದ ಜೊತೆಗೇ ಹೇಳಬೇಕಾಗುತ್ತದೆ.

ಕನ್ನಡ ಕ್ರಿಯಾಪದ ಬಳಸಿದರೂ ಆಡಳಿತದ ಭಾಷೆ ಕರ್ತೃವನ್ನು ಮರೆಮಾಡಬಲ್ಲದು ಎಂಬುದು ಎರಡನೆಯ ಆಕ್ಷೇಪ. ‘ನೀರು ಬಿಡಲಾಗುವುದು’ ಎಂಬ ಕರ್ಮಣಿ ಪ್ರಯೋಗವೇ ಇದಕ್ಕೆ ಸಾಕ್ಷಿ. ಈ ಆಕ್ಷೇಪವನ್ನು ಒಪ್ಪಲೇಬೇಕು. ಆದರೂ ‘ಬಿಡಲಾಗುವುದು’ ಎಂದೊಡನೆ ಎಲ್ಲಿಂದ, ಎಲ್ಲಿಗೆ ಎಂಬ ಪ್ರಶ್ನೆಗಳು ವಿಭಕ್ತಿ ಪ್ರತ್ಯಯಗಳ ರೂಪದಲ್ಲಿ ಏಳುತ್ತವೆ. ‘ಆನ್’ ಎಂದಾಗ ಏಳುವುದಿಲ್ಲ. ಕರ್ತೃವನ್ನು ಕಳೆದುಕೊಂಡ ವಾಕ್ಯದಲ್ಲಿ ಸ್ಥಳವಾದರೂ ಉಳಿಯುತ್ತದೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಹೊರಡುತ್ತವೆ. ಎರವಲಾಗುವ ವಿರುದ್ಧಾರ್ಥಕ ಪದಗಳು ಜೋಡಿಯಾಗಿ ಪ್ರಯಾಣ ಮಾಡಿದರೂ ಜೋಡಿಯಾಗಿಯೇ ನೆಲೆಸುವುದಿಲ್ಲ. ಪ್ರತಿಯೊಂದೂ ಹೊಸ ಭಾಷೆಯಲ್ಲಿ ತನ್ನದೇ ಎದುರು ಪದಗಳನ್ನು ಹುಡುಕಿಕೊಳ್ಳುತ್ತದೆ. ಇದು ಮೊದಲನೆಯದು. ಕನ್ನಡದಲ್ಲಿ ‘ಆನ್/ಆಫ್’ ಆಯ್ಕೆಯನ್ನು ನಿರ್ಧರಿಸುವುದು ವಸ್ತುವಿನ ಸ್ಥಿತಿಗಿಂತ ಹೆಚ್ಚಾಗಿ ನಿಯಂತ್ರಣದ ಒಡೆತನ. ಇದು ಎರಡನೆಯದು. ಮೂರನೆಯದಾಗಿ, ಮೆಟ್ಟಿಲುಗಳಿಲ್ಲದ ವಿರೋಧವನ್ನು ದೂರ ಮತ್ತು ಪ್ರಮಾಣಗಳಿರುವ ವಾಸ್ತವದ ಮೇಲೆ ಹೇರಿದಾಗ ಭಾಷೆ ಆ ದೂರವನ್ನು ಅಳಿಸುತ್ತದೆ.

ನಿಘಂಟುಕಾರರು ‘ಆನ್’ ನಮೂದಿಗೆ ‘ಆಫ್’ ಎಂಬ ವಿರುದ್ಧ ಪದವನ್ನು ಸೂಚಿಸುವಷ್ಟಕ್ಕೆ ನಿಲ್ಲದೆ, ಸಂದರ್ಭವಾರು ಎದುರು ಪದಗಳನ್ನು ಕೊಡುವುದು ಅಗತ್ಯ. ಶಾಲಾ ಪಠ್ಯಗಳು ವಿರುದ್ಧ ಪದಗಳನ್ನು ಪಟ್ಟಿಯಲ್ಲಿ ಕಲಿಸುವ ಬದಲು ವಾಕ್ಯಗಳಲ್ಲಿ ಕಲಿಸಬಹುದು. ‘ಕರೆಂಟ್ ಬಂದ್ರ ಮೋಟಾರ್ ಆನ್ ಮಾಡು’ ಎಂಬ ಒಂದು ವಾಕ್ಯ ಅದಕ್ಕೆ ಒಳ್ಳೆಯ ಪಾಠವಾಗಬಲ್ಲದು. ಕಾಲುವೆಯ ಪ್ರಕಟಣೆಗಳಿಗೆ ಬೇಕಾಗಿರುವುದು ಎರಡು ದಿನಾಂಕಗಳು: ಗೇಟಿನಿಂದ ನೀರು ಬಿಡುವ ದಿನ ಮತ್ತು ಕೊನೆಯ ತೂಬಿಗೆ ನೀರು ಮುಟ್ಟಬೇಕಾದ ದಿನ. ‘ಆನ್’ ಎಂಬ ಒಂದು ಪದದಲ್ಲಿ ಮೊದಲ ದಿನಾಂಕ ಮಾತ್ರ ಇದೆ. ಸಸಿಮಡಿ ಹಾಕುವವರು, ನಾಟಿಗೆ ಆಳು ಗೊತ್ತು ಮಾಡುವವರು ಕಾಯುತ್ತಿರುವುದು ಎರಡನೆಯ ದಿನಾಂಕಕ್ಕೆ.